ರಾಗವಿಲ್ಲದ ಮೂರು ದನಿ

ಲೆರ್ ಮೂ ನಮ್ಮ ತುಕಡಿಯಲ್ಲಿ ಮಾರ್ಟರ್ ಹಾರಿಸುತ್ತಿದ್ದ. ಹಾಡಿಸುತ್ತಿದ್ದವನೂ ಅವನೇ. ಇವೆರಡರಲ್ಲಿ ಅವನ ನಿಜವಾದ ಕೆಲಸ ಯಾವುದೆಂದು ಕೇಳಿದ್ದರೆ ತುಕಡಿಯ ಒಬ್ಬನೂ ಮಾರ್ಟರ್ ಎನ್ನುತ್ತಿರಲಿಲ್ಲ. ಅವನ ತಂದೆ ಥೀ ಲೇ ಟಾ ಹಳ್ಳಿಯ ಚರ್ಚಿನಲ್ಲಿ ಹಾಡಿನ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಮಗನಿಗೆ ಬಂತು. ಹಾಗಾಗಿ ನಾವು ಅವನನ್ನು ‘ಥರಾ’ ಎಂದು, ಅಂದರೆ ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಕುಳ್ಳ ಆಳು, ವೀಳ್ಯ ಜಗಿದು ಕೆಂಪಾದ ಹಲ್ಲು. ಸುಮ್ಮನೆ ಕೂತಾಗಲೂ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಿತ್ತು. ಬೆಟ್ಟಸಾಲಿನ ಮೇಲೆ ನಮ್ಮ ತುಕಡಿಗೆ ಮೂರು ಕಾವಲು ಠಾಣೆಗಳಿದ್ದವು. ಅವನಿದ್ದ ಠಾಣೆಯ ರೇಡಿಯೊ ನಾನು ನೋಡಿಕೊಳ್ಳುತ್ತಿದ್ದೆ.

ಬರ್ಮಾದ ಬೆಟ್ಟಗಳ ನಮ್ಮ ಕರೆನ್ ಜನರಿಗೆ ಹಾಡು ಎಂದರೆ ನಾಲ್ಕು ದನಿ. ಒಂದನೆಯದು ಹೆಂಗಸರ ಎತ್ತರದ ದನಿ, ರಾಗ ಇರುವುದು ಅದರಲ್ಲಿ. ಉಳಿದ ಮೂರು ಅದರ ಅಡಿಯಲ್ಲಿ ಕಂಬಗಳಂತೆ ನಿಲ್ಲುತ್ತವೆ. ಚಿಕ್ಕಂದಿನಲ್ಲಿ ಯಾವ ದನಿಯ ಬೆಂಚಿನಲ್ಲಿ ಕೂರಿಸುತ್ತಾರೋ ಸಾಯುವವರೆಗೆ ಅದೇ ದನಿ. ಲೆರ್ ಮೂ ನಾಲ್ಕನೆಯದು. ಅವನ ಹೆಂಡತಿ ವಾ ಪೋ ಒಂದನೆಯದು, ಮುಂದಿನ ಸಾಲು.

ವಾ ಪೋ ಇದ್ದದ್ದು ಥೀ ಲೇ ಟಾದಲ್ಲಿ, ನಮ್ಮ ಬೆಟ್ಟಸಾಲಿನ ಕೆಳಗೆ. ಅಲ್ಲಿನ ಚರ್ಚಿನ ತಗಡಿನ ಚಾವಣಿ ನಮ್ಮ ಕಂದಕದಿಂದ ಕಾಣುತ್ತಿತ್ತು. ನಾಲ್ಕು ವರ್ಷದ ಹಿಂದೆ ಸರ್ಕಾರಿ ಸೈನ್ಯ ಊರಿನ ಹೊಳೆದಡದಲ್ಲಿ ಶಿಬಿರ ಹೂಡಿತ್ತು. ಅಂದಿನಿಂದ ಊರಿನ ಗಂಡಸರಾದ ನಾವು ಮೇಲೆ, ಹೆಂಗಸರು ಮಕ್ಕಳು ಕೆಳಗೆ. ಡಿಸೆಂಬರ್ ಬಂದರೆ ಯುವಕರ ಗುಂಪು ಮನೆ ಮನೆಗೆ ಹೋಗಿ ಹಾಡಬೇಕು. ಮನೆಯವರು ಎಳ್ಳು ಸೇರಿಸಿ ಕುಟ್ಟಿದ ಅಂಟಕ್ಕಿಯ ಮುದ್ದೆ ಕೊಡಬೇಕು. ಹಾಡಿಸಿಕೊಳ್ಳದ ಮನೆಗೆ ಕ್ರಿಸ್ಮಸ್ ಬರಲಿಲ್ಲವೆಂದೇ ಲೆಕ್ಕ. ಥೀ ಲೇ ಟಾಕ್ಕೆ ನಾಲ್ಕು ವರ್ಷದಿಂದ ಕ್ರಿಸ್ಮಸ್ ಬಂದಿರಲಿಲ್ಲ. ಇದು ಲೆರ್ ಮೂನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಆ ವರ್ಷ ಅವನು ನಮ್ಮ ಕಮಾಂಡರ್ ಪ್ಲೊ ಡೋ ಅವರ ಬಳಿ ಹೋದ. ವಯಸ್ಸಾದ ಅವರನ್ನು ನಾವೆಲ್ಲ ಮಾವ ಎನ್ನುತ್ತಿದ್ದೆವು.

“ಮಾವ, ಈ ಸಲ ಊರಿಗೆ ಹಾಡ್ಬೇಕು.”

“ಹಾಡು. ಯಾರು ಬೇಡ ಅಂದ್ರು?”

“ಹಂಗಲ್ಲ. ಊರಿಗೆ ಕೇಳೋ ಹಂಗೆ. ಮೂರೂ ಠಾಣೆಯೋರು ಒಟ್ಟಿಗೆ.”

“ಠಾಣೆ ಬಿಟ್ಟು ಒಬ್ನೂ ಅಲ್ಲಾಡ್ಬಾರ್ದು.”

“ಅಲ್ಲಾಡೋದು ಬೇಡ ಮಾವ. ಬಾಯಿ ಅಲ್ಲಾಡಿದ್ರೆ ಸಾಕು.”

ಮಾವ ನಕ್ಕರು. ಆಮೇಲೆ ನಗು ನಿಲ್ಲಿಸಿ ಬೆರಳೆತ್ತಿದರು. “ಒಂದು ಹಾಡು. ಒಂದೇ.”

ಲೆರ್ ಮೂ ಪಹರೆಯ ಸರದಿ ಬದಲಿಸಿಕೊಂಡು ಎರಡನೇ ದನಿಯವರನ್ನು ಎಡಗಡೆಯ ಠಾಣೆಗೆ, ಮೂರನೆಯವರನ್ನು ಬಲಗಡೆಗೆ ಹಾಕಿಸಿದ. ನಾಲ್ಕನೆಯವರು ನಡುವಿನ ನಮ್ಮ ಠಾಣೆಯಲ್ಲಿ ಉಳಿದೆವು. ಪಕ್ಕದಲ್ಲಿ ತನ್ನದೇ ದನಿಯವನಿದ್ದರೆ ಯಾರೂ ಜಾರುವುದಿಲ್ಲ ಎಂಬುದು ಅವನ ನಂಬಿಕೆ. ನಂತರ ಬಿದಿರು ತಟ್ಟಿ ತಾಳ ನೋಡಿದ. ಕೇಳಿದಂತೆ ತಟ್ಟಿರೆಂದು ಉಳಿದ ಠಾಣೆಗಳಿಗೆ ಹೇಳಿದ್ದ. ಅವರ ಏಟು ನಮಗೆ ಕೇಳಿಸುವಷ್ಟರಲ್ಲಿ ನಮ್ಮದು ಮೂರು ಏಟು ಮುಂದೆ ಹೋಗಿರುತ್ತಿತ್ತು.

“ಮಲಗಿದಾರೇನೋ ಅವ್ರು!” ಎಂದ ಟೋ ನೇ. ನಮ್ಮ ಠಾಣೆಯ ಅಡುಗೆ ಅವನದು.

“ಮಲಗಿಲ್ಲ,” ಎಂದ ಲೆರ್ ಮೂ. “ಮಾರ್ಟರ್ ಹಾರಿದ ಬೆಳಕು ಮೊದಲು, ಸದ್ದು ಆಮೇಲೆ. ಇದೂ ಹಂಗೇ. ಸದ್ದು ನಡ್ಕೊಂಡು ಬರೋಕೆ ಹೊತ್ತು ಹಿಡಿಯುತ್ತೆ.” ನನ್ನ ಕಡೆ ತಿರುಗಿದ. “ನಿನ್ನ ಡಬ್ಬಾನೂ ಹಿಂಗೇ ತಡ ಮಾಡುತ್ತಾ?”

“ರೇಡಿಯೊ ತಡ ಮಾಡಲ್ಲ ಥರಾ. ಒತ್ತಿದ ಕೂಡ್ಲೇ ಅಲ್ಲಿರುತ್ತೆ.”

ಅವನು ರೇಡಿಯೊದ ಗುಂಡಿ ಒತ್ತಿ ಬಿಟ್ಟ. ಅತ್ತ ಎರಡೂ ಠಾಣೆಗಳಲ್ಲಿ ‘ಟಿಕ್’ ಎಂದಿತು. ತಾಳಕ್ಕೆ ಅಷ್ಟು ಸಾಕಿತ್ತು.

ಉಳಿದದ್ದನ್ನು ನಾನು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆ. ನಮ್ಮ ಬೆಟ್ಟಸಾಲು ಕುಡುಗೋಲಿನಂತೆ ಬಾಗಿದೆ, ಊರು ಅದರ ಒಳಬಾಗಿನಲ್ಲಿದೆ. ಮೂರು ಠಾಣೆಯಿಂದಲೂ ಚರ್ಚಿಗೆ ಹೆಚ್ಚುಕಡಿಮೆ ಒಂದೇ ದೂರ. ಎಲ್ಲರೂ ಟಿಕ್‌ಗೆ ಸರಿಯಾಗಿ ಹಾಡಿದರೆ ಮೂರು ದನಿಗಳೂ ಸರಿಯಾಗಿ ಕೂಡುವುದು ಚರ್ಚಿನಂಗಳದಲ್ಲಿ. ಹಾಡುವ ನಮಗೆ ಮಾತ್ರ ಬರೀ ಗೊಂದಲವೇ ಕೇಳಿಸುತ್ತದೆ.

“ಅಂದ್ರೆ ಅಡುಗೆ ಮಾಡಿ, ರುಚಿ ನೋಡ್ದೇ ಬಡಿಸ್ಬೇಕು,” ಎಂದ ಟೋ ನೇ.

“ನಿನ್ನ ಅಡುಗೆ ರುಚಿ ನೋಡ್ದೇ ಇರೋದೇ ಕ್ಷೇಮ,” ಎಂದರು ಮಾವ. “ಅದಿರ್ಲಿ, ರಾಗ ಯಾರು ಹಾಡೋದು?”

ಹುಟ್ಟಿದಾಗಿನಿಂದ ಹಾಡುತ್ತ ಬಂದ ಹಾಡು, ಆದರೆ ಅದರ ರಾಗ ನಮ್ಮಲ್ಲಿ ಒಬ್ಬನಿಗೂ ಬಾಯಿಗೆ ಬರುತ್ತಿರಲಿಲ್ಲ. ಮಾವ ಪ್ರಯತ್ನಿಸಿದರು. ಎರಡು ಸ್ವರ ಹೋದ ಮೇಲೆ ಗಂಟಲು ತಾನಾಗಿ ನಾಲ್ಕನೇ ದನಿಗೆ ಇಳಿಯಿತು.

“ಊರಲ್ಲಿ ಹೆಂಗಸ್ರಿದಾರಲ್ಲ,” ಎಂದ ಲೆರ್ ಮೂ. “ನಾವು ಅಡಿಪಾಯ ಹಾಕೋಣ. ರಾಗ ಅವ್ರು ತರ್ತಾರೆ.”

“ಅವ್ರಿಗೆ ಹೇಳಿದ್ಯಾ?”

“ಹೇಳೋಕೆ ದಾರಿ ಎಲ್ಲಿದೆ ಮಾವ?”

ಇಪ್ಪತ್ನಾಲ್ಕರ ಸಂಜೆ ಚರ್ಚಿನ ಗಂಟೆ ಮೊಳಗಿತು. ಕರ್ಫ್ಯೂಗೆ ಮುಂಚಿನ ಆರಾಧನೆಗೆ ಶಿಬಿರದವರು ಅನುಮತಿ ಕೊಟ್ಟಿದ್ದರು. ಜನ ಚರ್ಚಿನೊಳಗೆ ಹೋಗುವುದು ದುರ್ಬೀನಿನಲ್ಲಿ ಕಂಡಿತು. ಲೆರ್ ಮೂ ತಾಳ ಶುರುಮಾಡಿದ. ಕೂಡಲೇ ರೇಡಿಯೊದಲ್ಲಿ ಬರ್ಮೀಸ್ ದನಿ ತೂರಿಬಂತು. ಶಿಬಿರದ ರೇಡಿಯೊದವನು. ನಮ್ಮ ಮಾತು ಅವನು ಕೇಳುತ್ತಾನೆ, ಅವನದು ನಾವು ಕೇಳುತ್ತೇವೆ. ವರ್ಷಗಳಿಂದ ಹೀಗೇ ಪರಿಚಯ.

“ಏನಯ್ಯಾ ಬೆಟ್ಟದೋರೇ, ಏನದು ಟಿಕ್ ಟಿಕ್? ನುಗ್ಗೋ ಸೂಚನೆಯಾ?”

ಲೆರ್ ಮೂ ಮುಚ್ಚಿಡಲು ಹೋಗಲಿಲ್ಲ. “ಹಾಡಿಗೆ ತಾಳ ಕಣಯ್ಯಾ. ಇವತ್ತು ಕ್ರಿಸ್ಮಸ್ ಸಂಜೆ.”

ರೇಡಿಯೊ ಗರಗರ ಎಂದಿತು. ಆಮೇಲೆ, “ಬಾಯಿಂದ ಬರೋದು ಏನಾದ್ರೂ ಬರ್ಲಿ. ಬಂದೂಕಿಂದ ಬಂದ್ರೆ ನಾವೂ ಹಾಡ್ತೀವಿ, ನೋಡ್ಕೊಳಿ.”

ಹಾಡಿದೆವು. ದೇವದೂತರು ಕುರುಬರಿಗೆ ಸುದ್ದಿ ತಲುಪಿಸಿದ ಹಾಡು, ಮೊದಲನೇ ಚರಣ. ಎಡದಿಂದ ಒಂದು, ಬಲದಿಂದ ಒಂದು, ಎರಡೂ ತಡವಾಗಿ ಬಂದು ಕಿವಿಯಲ್ಲಿ ಡಿಕ್ಕಿ ಹೊಡೆದವು. ಗೋಡೆ ಕಟ್ಟಿ ಚಾವಣಿ ಹಾಕದ ಮನೆಯಂತೆ ಹಾಡು ಬೋಳಾಗಿ ನಿಂತಿತ್ತು. ಕೆಳಗಿನ ಜನ ಚರ್ಚಿನಿಂದ ಅಂಗಳಕ್ಕೆ ಬಂದರು. ಆದರೆ ದನಿ ಮಾತ್ರ ಬರಲಿಲ್ಲ. ಎಲ್ಲರೂ ಕೈಕಟ್ಟಿ ನಿಂತಿದ್ದರು.

ಲೆರ್ ಮೂ ಹಣೆ ಚಚ್ಚಿಕೊಂಡ. “ಅಯ್ಯೋ, ಮರೆತೇಬಿಟ್ನಲ್ಲ! ಹಾಡಿಸ್ಕೊಳ್ಳೋ ಮನೆಯೋರು ಬಾಯಿ ಬಿಡ್ಬಾರ್ದು!”

ನಿಜ. ಹಾಡು ಮುಗಿಯುವವರೆಗೆ ಮನೆಯವರು ಮೌನವಾಗಿ ಕೇಳಬೇಕು. ನಡುವೆ ದನಿ ಸೇರಿಸಿದರೆ ಬಂದವರಿಗೆ ಅವಮಾನ. ಊರು ನಮಗೆ ಮರ್ಯಾದೆ ಕೊಡುತ್ತಿತ್ತು, ಆ ಮರ್ಯಾದೆಯೇ ಹಾಡನ್ನು ಕೊಲ್ಲುತ್ತಿತ್ತು.

“ಮುಗೀತಲ್ಲ ಬಿಡು,” ಎಂದರು ಮಾವ ಮೆಲ್ಲಗೆ.

“ಒಂದು ಹಾಡು ಅಂದ್ರಿ. ಆಗಿರೋದು ಒಂದೇ ಚರಣ.” ಅವನು ರೇಡಿಯೊ ಎತ್ತಿಕೊಂಡ. “ಎಲ್ರೂ ಕೇಳಿ. ಈಗ ಒಂದನೇ ದನಿಗೆ ಸ್ವರ ಕೊಡೋಣ. ಮೇಲಿನ ದೋ. ಎಲ್ರೂ ಹಿಡೀರಿ.”

“ನಮ್ಗೆ ಅಷ್ಟು ಎತ್ತರ ಹೋಗುತ್ತಾ ಥರಾ? ಗಂಟಲು ಹರಿಯುತ್ತೆ!” ಎಂದಿತು ಬಲಗಡೆಯ ಠಾಣೆ.

“ಹರಿದ್ರೆ ಹೊಲ್ಕೊಳ್ಳೋಣ. ಹಿಡೀರಿ!”

ಹಾಡಿಗೆ ಮುಂಚೆ ಮೇಷ್ಟ್ರು ಒಂದೊಂದು ದನಿಗೂ ಅದರ ಮೊದಲ ಸ್ವರವನ್ನು, ದೋ, ಮಿ, ಸೋ ಎಂದು ಹೆಸರು ಹಿಡಿದು ಕೊಡುತ್ತಾರೆ. ಆ ಸ್ವರ ಬಂದರೆ ಹಾಡಬೇಕಾದವರು ನೀವು ಎಂದರ್ಥ. ಗಡ್ಡ ಬಿಟ್ಟ ಗಂಡಸರೆಲ್ಲ ಕುತ್ತಿಗೆ ಉದ್ದ ಮಾಡಿ ಕೀಚಲು ದನಿಯಲ್ಲಿ ‘ದೋ’ ಎಳೆದೆವು. ಮಾವನ ಕಣ್ಣು ಹೊರಬರುವಂತಿತ್ತು. ಲೆರ್ ಮೂ ಕೈ ಬೀಸಿದ. ಬೆಟ್ಟವೆಲ್ಲ ಸುಮ್ಮನಾಯಿತು. ಅವನು ಕಾದ.

ಕೆಳಗಿನಿಂದ ಅದೇ ‘ದೋ’ ಒಂದೇ ಹೆಂಗಸಿನ ದನಿಯಲ್ಲಿ ಮೇಲೆದ್ದಿತು.

“ವಾ ಪೋ,” ಎಂದ ಲೆರ್ ಮೂ. ಆ ದನಿಗೆ ಹತ್ತು ಸೇರಿದವು, ಮತ್ತೆ ಲೆಕ್ಕಕ್ಕೆ ಸಿಗದಷ್ಟು. ಅವನು ರೇಡಿಯೊದಲ್ಲಿ ಬೇಗ ಬೇಗ ಹೇಳಿದ, “ರಾಗ ತಡವಾಗಿ ಬರುತ್ತೆ. ಅದರ ಹಿಂದೆ ಹೋಗ್ಬೇಡಿ. ಅವ್ರು ನಮ್ಮನ್ನ ಹಿಡ್ಕೊಂಡಿದಾರೆ, ನಾವು ಅವ್ರನ್ನ ಹಿಡಿಯೋಕೆ ಹೋದ್ರೆ ಇಬ್ರೂ ಬೀಳ್ತೀವಿ. ಟಿಕ್ ಬಿಟ್ಟು ಬೇರೇನೂ ಕೇಳ್ಬೇಡಿ.”

ಎರಡನೇ ಚರಣ ಹೊರಟಿತು. ರಾಗ ಬಂತು. ನಾಲ್ಕು ವರ್ಷದಿಂದ ಕೇಳದ ರಾಗ, ನಮ್ಮ ಹಾಡಿಗಿಂತ ಹಿಂದೆ ಹಿಂದೆ, ಕಾಲು ಜಗ್ಗಿ ಎಳೆಯುವಂತೆ. ಟೋ ನೇ ಎರಡೂ ಕಿವಿ ಮುಚ್ಚಿಕೊಂಡು ಕಣ್ಣೀರು ಸುರಿಸುತ್ತ ಹಾಡಿದ. ಎಲ್ಲರಿಗಿಂತ ಕಷ್ಟ ಲೆರ್ ಮೂನದು. ಆ ದನಿಗಾಗಿ ಕಾದವನೇ ಅದನ್ನು ಕೇಳಬಾರದಿತ್ತು. ಅವನ ಹೆಬ್ಬೆರಳು ಒಂದು ಕೂದಲೆಳೆಯಷ್ಟೂ ತಡವರಿಸಲಿಲ್ಲ.

ನಮ್ಮ ಕಿವಿಗೆ ಅದು ಸಂತೆಯ ಗದ್ದಲವೇ. ಆದರೆ ಕೆಳಗೆ ಹೆಂಗಸರು ಮೂರನೇ ಚರಣಕ್ಕೆ ಬಂದರು, ನಾಲ್ಕನೆಯದಕ್ಕೂ ಬಂದರು, ಎಲ್ಲೂ ಮುಗ್ಗರಿಸಲಿಲ್ಲ. ದನಿಗಳು ಕೂಡದಿದ್ದರೆ ಅವರು ಹಾಗೆ ಹಾಡಲು ಸಾಧ್ಯವೇ ಇರಲಿಲ್ಲ. ಅಂಗಳದಲ್ಲಿ ನಾಲ್ಕು ದನಿ ಕೂಡಿತ್ತು. ಕೊನೆಯ ಸ್ವರ ಮುಗಿದಾಗ ಊರು ಹೋ ಎಂದು ಕೂಗಿತು. ಎಡಗಡೆಯ ಠಾಣೆಯಿಂದ ರೇಡಿಯೊದಲ್ಲಿ, “ಥರಾ, ಥರಾ, ಹಿಡಿದ್ವಿ ಕಣ್ರೀ!” ಎಂದು ಯಾರೋ ಅರಚಿದರು.

ಕೂಗು ನಿಂತಿತು. ಕೆಳಗಿನಿಂದ ಮತ್ತೆ ವಾ ಪೋ ದನಿ. ಈ ಸಲ ಒಂದು ಸ್ವರವಲ್ಲ. ಮೊದಲು ದಪ್ಪನೆಯ ಕೆಳಗಿನ ದೋ, ಅದರ ಮೇಲೆ ಮಿ, ಅದರ ಮೇಲೆ ಸೋ. ನಾಲ್ಕನೇ ದನಿಗೆ, ಮೂರನೆಯದಕ್ಕೆ, ಎರಡನೆಯದಕ್ಕೆ. ಊರು ನಮಗೆ ಸ್ವರ ಕೊಡುತ್ತಿತ್ತು, ಮುಂದಿನ ಹಾಡಿಗೆ.

ಲೆರ್ ಮೂ ಮಾವನ ಮುಖ ನೋಡಿದ. “ಒಂದೇ ಹಾಡು ಅಂದಿದ್ರಿ.”

“ಅಂದಿದ್ದು ನಿನಗೆ. ಊರಿಗೆ ಹೇಳೋಕೆ ನಾನ್ಯಾರು?” ಎಂದು ಮಾವ ಗಂಟಲು ಸರಿಮಾಡಿಕೊಂಡರು. “ತಾಳ ಹಾಕು!”