ನೀವು ಆಕೆಗೆ ಏನಾಗಬೇಕು?

ಮೊನ್ನೆ ಬೇಸಿಗೆಯಲ್ಲಿ ನಾನೊಂದು ನಿಜ ಹೇಳಿದೆ.

(ವಕೀಲನೊಬ್ಬ ಅಂಕಣವನ್ನು ಹೀಗೆ ಶುರು ಮಾಡಿದರೆ ನೀವು ನಗುತ್ತೀರಿ ಅಂತ ಗೊತ್ತು. ಈಗಲೇ ನಕ್ಕುಬಿಡಿ. ಮುಂದೆ ಅವಕಾಶ ಕಡಿಮೆ.)

ಉಪ್ಪುಖಾರ ಹಚ್ಚದ, ಸುತ್ತುಬಳಸಿಲ್ಲದ ನಿಜ. ಫೋನಿನಲ್ಲಿ, ಇಂಗ್ಲಿಷಿನಲ್ಲಿ, ಎರಡು ನಿಮಿಷದೊಳಗೆ. ಆ ಕಡೆ ಇದ್ದ ಹೆಣ್ಣುಮಗಳು ‘ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ’ ಎಂದಳು. ಮೂವತ್ತು ವರ್ಷದ ವಕೀಲಿಕೆಯಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಉಬ್ಬಿಯೇ ಹೋದೆ ಅನ್ನಿ. ವಾರ ಕಳೆಯುವುದರೊಳಗೆ ಆ ನಿಜ ಒಬ್ಬ ಹುಡುಗಿಯ ಎರಡು ವರ್ಷದ ಶ್ರಮವನ್ನು ನುಂಗಿ ನೀರು ಕುಡಿದಿತ್ತು.

ಹುಡುಗಿಯ ಹೆಸರು ಶಾಹಿದಾ. ಮಾನ್ವಿಯವಳು. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಾನೂನು ಓದುತ್ತಾಳೆ, ನಾಲ್ಕನೇ ವರ್ಷ. ಅವಳಪ್ಪ ಮೌಲಾಸಾಬ್, ಮಾನ್ವಿಯ ರೈಸ್ ಮಿಲ್ಲುಗಳಿಗೆ ಗೋಣಿಚೀಲ ಪೂರೈಸುವ ವ್ಯಾಪಾರಿ. ನಾನು ದೇವದುರ್ಗದವನು. ವಕೀಲಿಕೆಯ ಸನ್ನದು ಸಿಕ್ಕ ಹೊಸದರಲ್ಲಿ ಮಾನ್ವಿ ಕೋರ್ಟಿಗೆ ಬಂದಾಗ ಮದುವೆಯಾಗದ ಕರಿಕೋಟಿನವನಿಗೆ ಮನೆ ಕೊಡಲು ಎಲ್ಲರೂ ಹಿಂದೆ ಮುಂದೆ ನೋಡಿದರು. ತಮ್ಮ ಮನೆಯ ಮುಂದಿನ ಎರಡು ಕೋಣೆ ಕೊಟ್ಟವರು ಮೌಲಾಸಾಬ್. ರಾಯಚೂರಿಗೆ ಬರುವವರೆಗೆ ಅಲ್ಲೇ ಹನ್ನೆರಡು ವರ್ಷ ಇದ್ದೆ. ಶಾಹಿದಾ ಹುಟ್ಟಿದ್ದು ಆ ಮನೆಯಲ್ಲೇ. ಅಂಬೆಗಾಲಿಟ್ಟು ನನ್ನ ಕೋಣೆಗೆ ಬಂದು ಕಕ್ಷಿದಾರನೊಬ್ಬನ ವಕಾಲತ್ತನ್ನು ಅರ್ಧ ತಿಂದುಹಾಕಿದ್ದೂ ಅಲ್ಲೇ.

ಅಪ್ಪನ ತಮ್ಮಂದಿರನ್ನು ಆಕೆ ಚಾಚಾ ಅನ್ನುತ್ತಾಳೆ. ನನ್ನನ್ನು ಕಾಕಾ.

ಇರಲಿ, ವಿಷಯಕ್ಕೆ ಬರುತ್ತೇನೆ. ಯುರೋಪಿನ ಒಂದು ವಿಶ್ವವಿದ್ಯಾಲಯ (ಹೆಸರು ಬೇಡ, ಅವರ ಹತ್ತಿರ ನನಗಿಂತ ಒಳ್ಳೆಯ ವಕೀಲರಿದ್ದಾರೆ) ಕಾನೂನು ವಿದ್ಯಾರ್ಥಿಗಳಿಗೆ ನಾಲ್ಕು ವಾರದ ಸಮ್ಮರ್ ಪ್ರೋಗ್ರಾಂ ನಡೆಸುತ್ತದೆ. ಅವರ ಸಮ್ಮರ್ ಅಂದರೆ ಜುಲೈ. ನಮ್ಮ ಸಮ್ಮರ್‌ನಲ್ಲಿ ಅವರು ರಾಯಚೂರಿಗೆ ಬಂದು ಓದಲಿ ನೋಡೋಣ, ಎರಡನೇ ದಿನ ಸೆಕ್ಷನ್ ಬಿಟ್ಟು ಗ್ಲುಕೋಸ್ ಕೇಳುತ್ತಾರೆ. ಆ ಕೋರ್ಸಿನ ವಿಷಯ: ನ್ಯಾಯಯುತ ವಿಚಾರಣೆಯ ಹಕ್ಕು. ಇದನ್ನು ನೆನಪಿಟ್ಟುಕೊಳ್ಳಿ.

ಶಾಹಿದಾ ಎರಡು ವರ್ಷ ಅದರ ಹಿಂದೆ ಬಿದ್ದಿದ್ದಳು. ಮೊದಲ ವರ್ಷ ಆಗಲಿಲ್ಲ. ಈ ವರ್ಷ ಪ್ರಬಂಧ ಬರೆದಳು, ವಿಡಿಯೋದಲ್ಲಿ ಸಂದರ್ಶನ ಕೊಟ್ಟಳು, ಪೂರ್ತಿ ಶುಲ್ಕ ವಿನಾಯಿತಿಯೊಂದಿಗೆ ಆಯ್ಕೆಯಾದಳು. ಅವಳ ಕಾಲೇಜಿನಿಂದ ಇಂಥದ್ದಕ್ಕೆ ಯಾರೂ ಹೋದ ದಾಖಲೆಯಿಲ್ಲ.

ಆಯ್ಕೆ ಪತ್ರದ ಬೆನ್ನಿಗೇ ಬಂತು ಪಾಲಿಸಿ ಪುಸ್ತಕ. ನಲವತ್ತೊಂದು ಪುಟ. ಎರಡು ಕ್ಲಾಸ್ ತಪ್ಪಿಸಿದರೆ ಸರ್ಟಿಫಿಕೇಟ್ ಇಲ್ಲ. ಬಾಡಿಗೆ ಸ್ಕೂಟರ್ ಓಡಿಸುವಂತಿಲ್ಲ. ವಾರಾಂತ್ಯ ಊರು ಬಿಟ್ಟರೆ ಮೊದಲೇ ತಿಳಿಸಬೇಕು. ಕೋಣೆಗೆ ಅತಿಥಿ ಬಂದರೆ ಹೀಗೆ, ಬರದಿದ್ದರೆ ಹಾಗೆ. ಎಲ್ಲಕ್ಕೂ ಒಂದೊಂದು ಕಲಂ.

ಅದರಲ್ಲೊಂದು ಕಲಂ ತುರ್ತು ಸಂಪರ್ಕದ್ದು. ವಿದ್ಯಾರ್ಥಿಗೆ ಏನಾದರೂ ಆದರೆ ಫೋನ್ ಮಾಡಲು ಒಬ್ಬರ ಹೆಸರು ಕೊಡಬೇಕು. ಅವರು ಕುಟುಂಬದವರಾಗಿರಬೇಕು. ಇಂಗ್ಲಿಷ್ ಮಾತಾಡಬೇಕು.

ಮೌಲಾಸಾಬರಿಗೆ ದಖನಿ ಬರುತ್ತದೆ, ಕನ್ನಡ ಬರುತ್ತದೆ, ಆಂಧ್ರದ ಮಿಲ್ಲಿನವರ ಜೊತೆ ಜಗಳವಾಡುವಷ್ಟು ತೆಲುಗು ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ. ಅವರ ತಮ್ಮಂದಿರಿಗೂ ಇಲ್ಲ. ಮಗಳಿಗೆ ಜ್ವರ ಬಂದರೆ ಅಪ್ಪನಿಗೆ ಹೇಳಲು ಅಪ್ಪನಿಗೆ ಇಂಗ್ಲಿಷ್ ಯಾಕೆ ಬರಬೇಕು? ಯಾರನ್ನು ಕೇಳುವುದು?

ರಾಯಚೂರಿನ ನನ್ನ ಆಫೀಸಿನಲ್ಲೇ ಕೂತು ಫಾರ್ಮ್ ತುಂಬಿದೆವು. ತುರ್ತು ಸಂಪರ್ಕದಲ್ಲಿ ನನ್ನ ಹೆಸರು, ನನ್ನ ನಂಬರು. ಪಕ್ಕದಲ್ಲಿ ‘ಸಂಬಂಧ’ ಅಂತ ಒಂದು ಕಾಲಂ. ಅಲ್ಲಿ ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಅಣ್ಣತಮ್ಮ, ಅಕ್ಕತಂಗಿ, ಅಂಕಲ್, ಆಂಟಿ. ಅಲ್ಲಿಗೆ ಮುಗಿಯಿತು. ‘ಇತರೆ’ ಅನ್ನುವುದೇ ಇಲ್ಲ.

ಶಾಹಿದಾ ನನ್ನ ಮುಖ ನೋಡಿದಳು. “ಕಾಕಾ, ಏನು ಒತ್ತಲಿ?”

“ಇದನ್ನೇನು ಕೇಳ್ತಿಯವಾ? ಅಂಕಲ್ ಒತ್ತು. ಕಾಕಾ ಅಂದ್ರ ಅಂಕಲ್ ಅಲ್ಲೇನು?” ಅಂದವನು ನಾನೇ. ನಗುತ್ತಾ ಅಂದೆ.

ನಮ್ಮ ಕಡೆ ಯಾರು ಕಾಕಾ ಅಲ್ಲ ಹೇಳಿ? ಬಸ್ಸಿನ ಕಂಡಕ್ಟರ್ ಕಾಕಾ, ಮಿರ್ಚಿ ಕರಿಯುವವನು ಕಾಕಾ, ಪಕ್ಕದ ಸೀಟಿನಲ್ಲಿ ತೂಕಡಿಸಿ ಹೆಗಲ ಮೇಲೆ ಬೀಳುವವನೂ ಕಾಕಾ. ನಾನಂತೂ ಹುಟ್ಟಿದಾಗಿನಿಂದ ಎತ್ತಿ ಆಡಿಸಿದವನು. ಅಂಕಲ್ ಒತ್ತದೆ ಇನ್ನೇನು ಒತ್ತಬೇಕಿತ್ತು?

ಮುಂದಿನ ಭಾನುವಾರ ಮಾನ್ವಿಗೆ ಹೋಗಿ ಅವಳ ಅಪ್ಪ ಅಮ್ಮನಿಗೆ ಪಾಲಿಸಿ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಬಾನುಬಿ ಬಾಗಿಲ ಹತ್ತಿರ ಕೂತು ಕೇಳಿದರು. ಮೌಲಾಸಾಬರಿಗೆ ನಡುವೆಯೇ ಸಂಶಯ.

“ಶರಾಬ್ ಬಗ್ಗೆ ಎರಡು ಪುಟ, ಊಟದ ಬಗ್ಗೆ ಎರಡು ಸಾಲು. ಇದೆಂಥಾ ಕಾಲೇಜ್ ರೀ ವಕೀಲರ?”

“ಕುಡೀಬ್ಯಾಡ್ರಿ ಅನ್ನಾಕ ಎರಡು ಪುಟ ಬರದಾರ.”

“ಬ್ಯಾಡ ಅನ್ನಾಕ ಒಂದು ಅಕ್ಷರ ಸಾಕಲ್ರೀ.”

ಬಾನುಬಿ ನಗಲಿಲ್ಲ. ಅವರಿಗೆ ಕಳಿಸುವ ಮನಸ್ಸೇ ಇರಲಿಲ್ಲ. ಹೆಣ್ಣುಹುಡುಗಿ, ಪರದೇಶ, ನಾಲ್ಕು ವಾರ. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. “ಅಲ್ಲಿ ಏನರ ಆದ್ರ ಯಾರಿಗೆ ಹೇಳ್ತಾರ?” ನಾನು ಫಾರ್ಮಿನ ಪ್ರಿಂಟ್ ತೋರಿಸಿದೆ. ನನ್ನ ಹೆಸರಿನ ಮೇಲೆ ಬೆರಳಿಟ್ಟೆ. ಅವರಿಗೆ ಓದಲು ಬಾರದು, ಆದರೂ ಬೆರಳಿಟ್ಟ ಜಾಗವನ್ನು ತುಸು ಹೊತ್ತು ನೋಡಿದರು.

“ನಿಮ್ಮ ಹೆಸರು ಅದ ಅಂದ್ರ ಆತು ಬಿಡ್ರಿ. ಹೋಗಿ ಬರ್ಲಿ.”

ಹೀಗೆ ಒಪ್ಪಿಗೆ ಸಿಕ್ಕಿದ್ದು ನನ್ನ ಹೆಸರಿನ ಮೇಲೆ. ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಮೇ ಕೊನೆಯಲ್ಲಿ ದೇವದುರ್ಗದ ಕೋರ್ಟಿನಲ್ಲಿ ನನ್ನದೊಂದು ಕೇಸಿತ್ತು. ಮುಂದಿನ ತಾರೀಖಿಗೆ ವಾಯಿದೆ ಬಿತ್ತು. ವಕೀಲರ ಬಾರ್ ರೂಮಿನಲ್ಲಿ ನಾಲ್ಕು ಜನ ಗೆಳೆಯರ ಜೊತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಿದ್ದೆ. ಉದ್ದನೆಯ ನಂಬರಿನಿಂದ ಫೋನ್ ಬಂತು. ಫ್ಯಾನಿನ ಸದ್ದಿನಲ್ಲಿ ಆ ಇಂಗ್ಲಿಷ್ ತಿಳಿಯಲಿಲ್ಲ ಅಂತ ಸ್ಪೀಕರ್ ಹಾಕಿದೆ.

ಪ್ರೋಗ್ರಾಂ ಆಫೀಸಿನ ಹೆಣ್ಣುಮಗಳು. ತುರ್ತು ಸಂಪರ್ಕದವರು ಫೋನ್ ಎತ್ತುತ್ತಾರೋ ಇಲ್ಲವೋ ಅಂತ ಪರೀಕ್ಷಿಸುವ ಕರೆಯಂತೆ. ಬಹಳ ಮರ್ಯಾದಸ್ತೆ. ಈ ಕರೆ ರೆಕಾರ್ಡ್ ಆಗುತ್ತದೆ ಅಂತ ಮೊದಲೇ ಹೇಳಿದಳು. ಶಾಹಿದಾಳ ಪೂರ್ತಿ ಹೆಸರು ಓದಿದಳು. ನನ್ನ ಪೂರ್ತಿ ಹೆಸರು ಓದಿದಳು. ಆಮೇಲೆ ತುಸು ತಡೆದು ಕೇಳಿದಳು, “ದಾಖಲೆಗಾಗಿ ಕೇಳುತ್ತಿದ್ದೇನೆ. ನೀವು ಆಕೆಯ ತಂದೆಯ ಸಹೋದರರೋ, ತಾಯಿಯ ಸಹೋದರರೋ?”

ಎದುರಿಗಿದ್ದ ಗೆಳೆಯನೊಬ್ಬ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ನಕ್ಕ. “ಏನಪಾ ಶರಣಪ್ಪ, ಆ ಮನಿತನಕ್ಕ ಕಾಕಾ ಯಾವಾಗ ಆದಿ?” ಉಳಿದವರೂ ನಕ್ಕರು. ಕೆಟ್ಟ ನಗೆಯೇನಲ್ಲ. ನಾವು ದಿನಾ ನಗುವ ನಗೆಯೇ.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ಎರಡೂ ಅಲ್ಲ, ಮೇಡಂ. ರಕ್ತದಿಂದ ಇಲ್ಲ, ಮದುವೆಯಿಂದಲೂ ಇಲ್ಲ. ಯಾವ ಸಂಬಂಧವೂ ಇಲ್ಲ.

ಸಾಕ್ಷಿಗಳಿಗೆ ನಾನೇ ಪಾಠ ಮಾಡುತ್ತೇನಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ರಿ ಅಂತ? ಹಾಗೇ ಕೊಟ್ಟೆ. ಕುಟುಂಬದ ಹಿತೈಷಿ ಅಂತ ಕೊನೆಯಲ್ಲಿ ಏನೋ ಸೇರಿಸಿದೆ. ಅಷ್ಟರಲ್ಲಿ ಆಕೆ ಧನ್ಯವಾದ ಹೇಳಿಯಾಗಿತ್ತು.

ಬಾರ್ ರೂಮು ಖಾಲಿ ಇದ್ದಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆನೇ? ಗೊತ್ತಿಲ್ಲ. ರೆಕಾರ್ಡ್ ಆಗುತ್ತಿದೆ ಅನ್ನುವ ಭಯಕ್ಕೆ ಹೇಳಿದೆನೋ, ಆ ನಗೆಗೆ ಹೇಳಿದೆನೋ, ಅದೂ ಗೊತ್ತಿಲ್ಲ. ಬೇಕಾಗಿದ್ದಕ್ಕಿಂತ ತುಸು ಜೋರಾಗಿ ಹೇಳಿದೆ ಅನ್ನುವುದು ಮಾತ್ರ ಗೊತ್ತು.

ವಾರದೊಳಗೆ ಶಾಹಿದಾಳಿಗೆ ಇಮೇಲ್ ಬಂತು. ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟಿದ್ದರಿಂದ ಪ್ರವೇಶ ರದ್ದು. ಪುಟ ಮೂವತ್ತೊಂಬತ್ತರ ಪ್ರಕಾರ ‘ಕುಟುಂಬ’ ಎಂದರೆ ರಕ್ತ, ಮದುವೆ ಅಥವಾ ದತ್ತಿನಿಂದ ಸಂಬಂಧಪಟ್ಟವರು. (ಯಾವ ಕಾನೂನು ತೆಗೆದರೂ ಮೊದಲು ವ್ಯಾಖ್ಯೆ ಓದ್ರಿ ಅಂತ ಜೂನಿಯರ್‌ಗಳ ತಲೆ ತಿನ್ನುವವನು ನಾನು. ಆ ಪುಟವನ್ನು ತೆಗೆದೂ ನೋಡಿರಲಿಲ್ಲ.) ನಿಯಮದಂತೆ ಆಕೆಯ ಕಾಲೇಜಿಗೂ ತಿಳಿಸಲಾಗಿದೆ. ಮುಂದೆ ಎಲ್ಲಿ ಅರ್ಜಿ ಹಾಕಿದರೂ ಈ ವಿಷಯವನ್ನು ಆಕೆ ಬಹಿರಂಗಪಡಿಸಬೇಕು. ತೀರ್ಮಾನ ಅಂತಿಮ. ಮೇಲ್ಮನವಿಗೆ ಅವಕಾಶವಿಲ್ಲ.

ಕೋರ್ಸಿನ ವಿಷಯ ನೆನಪಿದೆಯಲ್ಲ? ನ್ಯಾಯಯುತ ವಿಚಾರಣೆಯ ಹಕ್ಕು.

ನಾನು ಮೂರು ಪುಟದ ಪತ್ರ ಬರೆದೆ. ತಪ್ಪು ನನ್ನದು, ಅಂಕಲ್ ಒತ್ತು ಅಂದವನು ನಾನು, ನಿಮ್ಮ ಪಟ್ಟಿಯಲ್ಲಿ ಬೇರೆ ದಾರಿ ಇರಲಿಲ್ಲ, ಹುಡುಗಿಯನ್ನು ಒಂದು ಮಾತು ಕೇಳಿ ಎಂದು ಬೇಡಿಕೊಂಡೆ. ಕನ್ನಡದಲ್ಲಿ ನಾವು ‘ಅವರು ನಿಮಗೆ ಏನಾಗಬೇಕು?’ ಎಂದು ಕೇಳುತ್ತೇವೆ, ಏನಾಗಿದ್ದೀರಿ ಎಂದು ಕೇಳುವುದಿಲ್ಲ, ನಮ್ಮಲ್ಲಿ ಸಂಬಂಧ ಅನ್ನುವುದು ಆಗಬೇಕಾದದ್ದು ಅಂತೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದೆ. ನನ್ನ ಜೀವನದ ಅತ್ಯುತ್ತಮ ವಾದ ಅದೇ ಇರಬೇಕು. ಒಂದು ನಿಮಿಷದಲ್ಲಿ ಉತ್ತರ ಬಂತು: ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ.

ಕಾಲೇಜಿನಲ್ಲಿ ಆಕೆಯನ್ನು ಕರೆಸಿ ಕೇಳಿದರು. ಆಯ್ಕೆಯಾದಳೆಂದು ಹಿಂದಿನ ತಿಂಗಳು ಶಾಲು ಹೊದಿಸಿದ್ದ ಅದೇ ಕೋಣೆಯಲ್ಲಿ. ‘ಹೀಗೇಕೆ ಸುಳ್ಳು ಬರೆದೆ?’ ಅಂದರಂತೆ. ಆಕೆ ನನ್ನ ಹೆಸರು ಎತ್ತಲಿಲ್ಲ. ನಾನಾಗಿಯೇ ಹೋಗಿ ಹೇಳಿದೆ. ‘ನಿಮ್ಮ ದೊಡ್ಡ ಗುಣ’ ಅಂದರು. ಫೈಲಿನಲ್ಲಿದ್ದ ಪತ್ರ ಫೈಲಿನಲ್ಲೇ ಉಳಿಯಿತು.

ಮಾನ್ವಿಗೆ ಹೋಗದೆ ವಿಧಿಯಿರಲಿಲ್ಲ. ಹೋದೆ. ಮೌಲಾಸಾಬ್ ಎಂದಿನಂತೆ “ಬರ್ರಿ ವಕೀಲರ” ಅಂದರು, ಚಹಾ ತರಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

“ಅವ್ರು ಕೇಳಿದಾಗ ನೀವು ಏನಂದ್ರಿ?” ಅಂದರು.

“ರಕ್ತಸಂಬಂಧ ಇಲ್ಲ ಅಂದೆ.”

“ಅದು ಖರೇನ ಅದ ಬಿಡ್ರಿ.”

ಬಾಗಿಲ ಹತ್ತಿರ ನಿಂತಿದ್ದ ಬಾನುಬಿ ಒಂದು ಹೆಜ್ಜೆ ಮುಂದೆ ಬಂದರು. “ರಕ್ತದ ಮಾತು ಯಾಕ ಬಂತು?” ಅಂದರು. “ನನ್ನ ಕೂಸಿಗೆ ಏನರ ಆದ್ರ ಫೋನ್ ಎತ್ತವರು ಯಾರು ಅಂತ ಕೇಳಾಕತ್ತಿದ್ರು. ನೀವು ಎತ್ತಿದ್ರಿ. ಎತ್ತಿ ನಾ ಯಾರೂ ಅಲ್ಲ ಅಂದ್ರಿ.”

ಓದು ಬಾರದ ಹೆಂಗಸು. ಶಾಸನವನ್ನು ಅದರ ಉದ್ದೇಶ ಅರಿತು ಓದಬೇಕು ಅಂತ ನಾನು ಮೂವತ್ತು ವರ್ಷ ನ್ಯಾಯಾಧೀಶರ ಮುಂದೆ ಕೂಗಾಡಿದ್ದೇನೆ. ನಲವತ್ತೊಂದು ಪುಟ ಬರೆದವರಿಗೆ ಹೊಳೆಯದ್ದು, ಅದನ್ನು ಓದಿ ಹೇಳಿದ ನನಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು. ನನಗೆ ನಾಚಿಕೆಯಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಇನ್ನೊಂದು ಕಪ್ ಕುಡೀರಿ ಅಂತ ಯಾರೂ ಅನ್ನಲಿಲ್ಲ. ಆ ಮನೆಯಲ್ಲಿ ಅದು ಮೊದಲನೇ ಸಲ.

ಅಲ್ಲ, ನೀವೇ ಹೇಳಿ. ಇಲ್ಲದ ಸಂಬಂಧವನ್ನು ಇದೆ ಅಂತ ಸಾಧಿಸುವುದು ನನ್ನ ಕಸುಬು. ಎಂದೂ ಮುಖ ನೋಡದ ಮೂರನೇ ತಲೆಮಾರಿನ ದಾಯಾದಿಯನ್ನು ಹಕ್ಕುದಾರ ಅಂತ ವಾದಿಸಿ ಗೆದ್ದಿದ್ದೇನೆ. ಇದ್ದ ಸಂಬಂಧವನ್ನು ಇದೆ ಅನ್ನಲು ನನಗೇನಾಗಿತ್ತು? ಅಂಕಲ್ ಅನ್ನುವ ಮೂರಕ್ಷರಕ್ಕೆ ನಾಲಿಗೆ ಯಾಕೆ ಏಳಲಿಲ್ಲ? ಪಾಲಿಸಿ ಬರೆದವರನ್ನು ಬೈಯುವುದು ಸುಲಭ. ಅವರಿಗೆ ಮಾನ್ವಿ ಗೊತ್ತಿಲ್ಲ. ನನಗೆ ಗೊತ್ತಿತ್ತಲ್ಲ?

ಜುಲೈ ಬಂತು. ಶಾಹಿದಾ ಕ್ಲಾಸಿಗೆ ಹೋಗುತ್ತಿದ್ದಾಳೆ ಅಂತ ಕೇಳಿದೆ. ಮೊದಲು ವಾರಕ್ಕೆರಡು ಸಲ ನನ್ನ ಆಫೀಸಿಗೆ ಬಂದು ಪುಸ್ತಕ ಎಳೆದಾಡುತ್ತಿದ್ದವಳು ಈ ಕಡೆ ಸುಳಿಯಲಿಲ್ಲ. ನಾನೂ ಫೋನ್ ಮಾಡುವ ಧೈರ್ಯ ಮಾಡಲಿಲ್ಲ.

ಕಳೆದ ವಾರ ಬಂದಳು. ಕಾಲೇಜಿನ ಇಂಟರ್ನ್‌ಶಿಪ್ ಫಾರ್ಮು, ರಾಯಚೂರಿನ ಯಾರಾದರೂ ಹಿರಿಯ ವಕೀಲರ ಸಹಿ ಬೇಕು. ಎದುರಿನ ಕುರ್ಚಿ ಖಾಲಿಯಿತ್ತು. ಕೂರಲಿಲ್ಲ.

“ಸರ್, ಇಲ್ಲೊಂದು ಸಹಿ ಬೇಕಾಗಿತ್ರಿ.”

ಫಾರ್ಮ್ ತಿರುವಿದೆ. ಎಲ್ಲ ಕಾಲಂಗಳನ್ನೂ ಮೊದಲೇ ದುಂಡಗೆ ತುಂಬಿಕೊಂಡು ಬಂದಿದ್ದಳು. ವಕೀಲರಿಗೂ ವಿದ್ಯಾರ್ಥಿಗೂ ಇರುವ ಸಂಬಂಧ ಅನ್ನುವ ಕಡೆ ‘ಯಾವುದೂ ಇಲ್ಲ’ ಅಂತ ಬರೆದಿದ್ದಳು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಸಿಟ್ಟಿರಲಿಲ್ಲ. ಅಣಕವೂ ಇರಲಿಲ್ಲ. ಫಾರ್ಮ್ ಸರಿಯಾಗಿದೆಯೋ ಇಲ್ಲವೋ ಅನ್ನುವ ಆತಂಕವಷ್ಟೇ ಆ ಮುಖದಲ್ಲಿತ್ತು.

ಸಹಿ ಮಾಡಿದೆ. “ಥ್ಯಾಂಕ್ಸ್ ರೀ ಸರ್” ಅಂದು ಹೋದಳು.

ಆ ಫಾರ್ಮು ಅದೇ ದಿನ ಮಂಜೂರಾಯಿತಂತೆ. ಮಾಹಿತಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ!