ಹೊರಸಿನ ಮೇಲೆ ಮಲಗಿ ಅಳೆದ ದಾರಿ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಜೇವರ್ಗಿಯ ಕಚೇರಿಗೆ ಆಗಷ್ಟೇ ಸೇರಿದ್ದ ಗುಮಾಸ್ತ. ಯಾವ ಹಳ್ಳಿಯಿಂದ ದವಾಖಾನೆ ಎಷ್ಟು ದೂರ ಎಂದು ಅಳೆದು ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ಎರಡು ಹರದಾರಿಗಿಂತ, ಅಂದರೆ ಆರು ಮೈಲಿಗಿಂತ ದೂರವಿದ್ದ ಊರಿಗೆ ವಾರಕ್ಕೊಮ್ಮೆ ಡಾಕ್ಟರರೇ ಹೋಗಬೇಕೆಂದು ಹುಕುಂ ಆಗಿತ್ತು.

ಜೇವರ್ಗಿಯ ದವಾಖಾನೆಯಿಂದ ನೆಲೋಗಿ ದಾರಿಯ ಒಂದು ಸಣ್ಣ ಹಳ್ಳಿಗೆ ಸರಪಳಿ ಹಿಡಿಸಿ ಅಳೆದೆ. ಎರಡು ಹರದಾರಿಗೆ ತುಸು ಕಡಿಮೆಯೇ ಬಂತು. "ನಿಮ್ಮೂರು ಸಮೀಪ ಅದರಿ, ಡಾಕ್ಟರ್ ಬರಂಗಿಲ್ಲ" ಎಂದು ಜಂಬದಿಂದ ಹೇಳಿದೆ. ಊರಿನ ಸೂಲಗಿತ್ತಿ ನಾಗವ್ವ ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತಳು.

"ನೀ ಗಟ್ಟಿ ಕಾಲಿಲೆ ನಡದು ಅಳದಿ ತಮ್ಮಾ. ಜಡ್ಡಾದವರು ಹಂಗ ನಡೀತಾರೇನು? ಹೊರಸಿನ ಮ್ಯಾಗ ಮಕ್ಕೋ, ಹೊತ್ಕೊಂಡು ಹೋಗ್ತೇವಿ. ಆಮ್ಯಾಲ ಬರಿ."

ಪ್ರಾಯದ ಹುಮ್ಮಸ್ಸು. ಮರುದಿನ ಹೊತ್ತು ಮೂಡುವಾಗ ಆ ಹಗ್ಗದ ಮಂಚದ ಮೇಲೆ ಮಲಗಿಯೇಬಿಟ್ಟೆ. ಆ ಕಡೆ ಒಂದು ಪದ್ಧತಿಯಿತ್ತು. ಜಡ್ಡಾದವರನ್ನು ಹೊತ್ತು ತಂದವರು ಮುಂದಿನ ಊರಿನ ಸೀಮೆಯಲ್ಲಿ ಇಳಿಸಬೇಕು, ಅಲ್ಲಿಂದ ಆ ಊರಿನವರೇ ಹೊರಬೇಕು. ಅವರು ಹೊಲದಿಂದ ಬರುವವರೆಗೆ ನಾನು ಬೇವಿನ ಗಿಡದ ಕೆಳಗೆ ಬಿದ್ದಿರಬೇಕು. ಗಟ್ಟಿಮುಟ್ಟಾದವನನ್ನು ಯಾರು ತಾನೇ ಹೊರುತ್ತಾರೆ? ಅದಕ್ಕೇ ನಾಗವ್ವ ಕೇಳಿದವರಿಗೆಲ್ಲ "ಹೊಟ್ಟಿಬ್ಯಾನಿರಿ" ಎನ್ನುತ್ತಿದ್ದಳು. ಮೊದಲ ಊರಿನಲ್ಲಿ ಅಜವಾನದ ನೀರು ಕುಡಿಸಿದರು. ಎರಡನೆಯ ಊರಿನಲ್ಲಿ ಖಾಜಾಬಿ ಎಂಬಾಕೆ ಬಟ್ಟಲು ತುಂಬ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಂದಳು.

"ನನಗ ಏನೂ ಆಗಿಲ್ರಿ!" ಎಂದು ಕೂಗಿದೆ.

"ಬ್ಯಾನಿ ಜಾಸ್ತಿ ಆದ್ರ ಹಿಂಗೇ ಬಡಬಡಸ್ತಾರ. ಕುಡೀರಿ ಸಾಬ್" ಎಂದು ಮೂಗು ಹಿಡಿದು ಕುಡಿಸಿಯೇಬಿಟ್ಟಳು. ನಾಗವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಲ್ಲಿಂದ ಜೇವರ್ಗಿ ಮುಟ್ಟುವಷ್ಟರಲ್ಲಿ ಎಷ್ಟು ಸಲ ಜಾಲಿಗಿಡದ ಮರೆಗೆ ಓಡಿದೆನೋ ಲೆಕ್ಕವಿಲ್ಲ. ಸಂಜೆ ದವಾಖಾನೆಯ ಮುಂದೆ ಇಳಿಸಿದಾಗ ನಿಜವಾಗಿಯೂ ಹೊಟ್ಟೆ ಹಿಡಿದುಕೊಂಡಿದ್ದೆ. ಆದರೆ ದವಾಖಾನೆ ಮಧ್ಯಾಹ್ನವೇ ಮುಚ್ಚಿತ್ತು. "ನಾಳೆ ಮುಂಜಾನೆ ಬರ್ರಿ" ಎಂದ ಕಾವಲುಗಾರ. ನನಗೆ ಅಳುವೇ ಬಂತು.

ನಾಗವ್ವ ನನ್ನ ತಲೆ ಸವರಿದಳು. "ಹ್ವಾದ ವರ್ಷ ಸೊಸಿನ ಕರ್ಕೊಂಡು ನಾನೂ ಇದೇ ಕಟ್ಟಿ ಮ್ಯಾಗ ರಾತ್ರಿಯೆಲ್ಲಾ ಕುಂತಿದ್ದೆ ತಮ್ಮಾ. ದೇವರು ದೊಡ್ಡಾಂವ, ಉಳದಳು" ಎಂದಳು.

ಮರುದಿನ ವಹಿಯಲ್ಲಿ "ಎರಡು ಹರದಾರಿಗೆ ಕಡಿಮೆ" ಎಂಬುದನ್ನು ಹೊಡೆದುಹಾಕಿ, "ಜಡ್ಡಾದವರಿಗೆ ಒಂದು ಹಗಲು, ಒಂದು ರಾತ್ರಿ" ಎಂದು ಬರೆದೆ. ಮೇಲಿನ ಸಾಹೇಬರು ಕಾರಣ ಕೇಳಿದರು. ನಡೆದದ್ದೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು, ನಗುತ್ತಲೇ ಸಹಿ ಹಾಕಿದರು. ಮುಂದಿನ ತಿಂಗಳಿಂದ ಡಾಕ್ಟರರು ವಾರಕ್ಕೊಮ್ಮೆ ಆ ಹಳ್ಳಿಗೆ ಹೋಗತೊಡಗಿದರು.

ಮೂವತ್ತು ವರ್ಷದ ನೌಕರಿಯಲ್ಲಿ ಬರೆದದ್ದೆಲ್ಲ ಮರೆತುಹೋಗಿದೆ. ಆ ಒಂದು ಸಾಲು ಬರೆದೆನಲ್ಲ ಎಂದು ಮಾತ್ರ ಇಂದಿಗೂ ಖುಷಿಯಾಗುತ್ತದೆ.