ಚೀಟಿ ತೋರಿಸದೆ ತಂದ ಗುಳಿಗೆ

ಇವತ್ತು ಸಂಜೆ ಘಾಟ್ಕೋಪರಿನ ನಮ್ಮ ಗಲ್ಲಿಯ ಮೆಡಿಕಲ್ ಅಂಗಡಿಯಲ್ಲಿ ಅಣ್ಣನ ಬಿಪಿ ಗುಳಿಗೆಗಾಗಿ ನಿಂತಿದ್ದೆ. ಪಕ್ಕದಲ್ಲೊಬ್ಬರು ಹಿರಿಯರು. ಈತ ಮೊದಲು ತೊಲಗಲಿ ಎಂದು ನನ್ನನ್ನೇ ನೋಡುತ್ತ ಕಾದರು, ನಾನು ತೊಲಗಲಿಲ್ಲ. ಕೊನೆಗೆ ಕೌಂಟರಿನ ಮೇಲೆ ಬಗ್ಗಿ ಹುಡುಗನ ಕಿವಿಯಲ್ಲಿ ಏನೋ ಅಂದರು. ಅವನು ಒಳಗಿನ ಡ್ರಾಯರಿನಿಂದ ಏನನ್ನೋ ತೆಗೆದು ಪೇಪರಿನಲ್ಲಿ ಸುತ್ತಿ ಕೊಟ್ಟ. ಅವರು ಅದನ್ನು ಕಿಸೆಗಿಳಿಸಿ ಸ್ಟೇಷನ್ನಿನ ದಾರಿ ಹಿಡಿದರು. ಅದು ಯಾವ ಗುಳಿಗೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಾಸಿಗೆಯಲ್ಲಿ ಮಾನ ಉಳಿಸಿಕೊಳ್ಳಲು ಗಂಡಸರು ಪಿಸುಮಾತಿನಲ್ಲಿ ಕೊಳ್ಳುವ ಆ ಗುಳಿಗೆಯನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಮಾತ್ರ ಒಂದು ಎಳೆಕೂಸು, ನನ್ನ ಮಗಳು. ನಗಬೇಡಿ, ಹೇಳುತ್ತೇನೆ.

ಶ್ರಾವ್ಯ ಹುಟ್ಟಿದವಳು ಒಮ್ಮೆ ಅತ್ತಳು, ಆಮೇಲೆ ನೀಲಿಯಾದಳು. ತುಟಿಯೆಲ್ಲ ನೇರಳೆಹಣ್ಣು ತಿಂದವರ ನಾಲಗೆಯ ಹಾಗೆ. ಅವಳನ್ನು ಎಳೆಮಕ್ಕಳ ಐಸಿಯುಗೆ ಒಯ್ದರು. ಅವಳ ಶ್ವಾಸಕೋಶದ ರಕ್ತನಾಳಗಳು ಹುಟ್ಟಿದ ಮೇಲೆ ಸಡಿಲಾಗಬೇಕಿತ್ತು, ಆಗಿಲ್ಲ, ಇನ್ನೂ ಬಿಗಿದುಕೊಂಡೇ ಇವೆ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ವಿವರಿಸಿದರು. ಅವನ್ನು ಸಡಿಲಿಸಲು ಒಂದು ಗುಳಿಗೆ ಉಂಟಂತೆ. ಹೆಸರು ಹೇಳಿದರು. ನಾನು ಕೇಳಿಸದವನಂತೆ ಮತ್ತೊಮ್ಮೆ ಕೇಳಿದೆ. ಮತ್ತೊಮ್ಮೆಯೂ ಅದೇ ಹೆಸರು!

ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. ಡಬ್ಬಿಯೊಳಗಿನ ಕಾಗದದಲ್ಲಿ ಮಕ್ಕಳಿಗೆ ಕೊಡಿ ಅಂತ ಬರೆದಿಲ್ಲ, ಅದು ದೊಡ್ಡವರಿಗೆ, ಅದೂ ಬೇರೆಯದೇ ತೊಂದರೆಗೆ ಮಾಡಿದ ಔಷಧ ಎಂದು ಅವರೇ ಒಪ್ಪಿಕೊಂಡರು. ಆದರೆ ಇಂಥ ಕೂಸುಗಳಿಗೆ ಕೊಟ್ಟು ನೋಡಿದ್ದೇವೆ, ಕೆಲವರು ಉಳಿದಿದ್ದಾರೆ, ಎಲ್ಲರೂ ಅಲ್ಲ. ನೀವು ಹೂಂ ಅನ್ನಬೇಕು ಎಂದರು.

ನಾನು ಅಣ್ಣನ ಮುಖ ನೋಡಿದೆ. ಜೀವನವಿಡೀ ನಾನು ಮಾಡಿದ ದೊಡ್ಡ ಕೆಲಸವೆಂದರೆ ಅದೇ, ಕಷ್ಟ ಬಂದಾಗ ಅಣ್ಣನ ಮುಖ ನೋಡುವುದು. ಅಪ್ಪ ಹೋದ ಮೇಲೆ ಉಡುಪಿಯಿಂದ ಬಂದು ಗಲ್ಲಿಯ ತುದಿಯ ಹೋಟೆಲಿನಲ್ಲಿ ತಟ್ಟೆ ಎತ್ತಿ, ಕೊನೆಗೆ ಗಲ್ಲಾದಲ್ಲಿ ಕೂತವನು ಅವನು. ನನ್ನನ್ನು ಓದಿಸಿದ, ನನ್ನ ಮದುವೆ ಮಾಡಿದ, ತನ್ನದನ್ನು ಮರೆತ. ಅಣ್ಣ ತನ್ನ ಹೋಟೆಲ್ ಹಿಂದಿಯಲ್ಲಿ ಡಾಕ್ಟರಮ್ಮನಿಗೆ ಒಂದೇ ಪ್ರಶ್ನೆ ಹಾಕಿದ: “ಆಪ್‌ಕಾ ಬಚ್ಚಾ ಹೋತಾ ತೋ ದೇತಾ ಕ್ಯಾ?” ನನ್ನದೇ ಮಗುವಾಗಿದ್ದರೂ ಕೊಡುತ್ತಿದ್ದೆ ಎಂದರು ಅವರು. “ಹಾಗಾದ್ರೆ ಕೊಡ್ಲಿ ಮಾರಾಯ,” ಎಂದ ನನಗೆ.

ನರ್ಸು ಗುಳಿಗೆಯನ್ನು ಅರೆದು, ನೀರಿನಲ್ಲಿ ಕದಡಿ, ಅದರಲ್ಲಿ ಇಷ್ಟೇ ಇಷ್ಟನ್ನು ಸಿರಿಂಜಿಗೆಳೆದು ಮೂಗಿನ ನಳಿಗೆಯಲ್ಲಿ ಇಳಿಸುತ್ತಿದ್ದಳು. ನಾವು ಗಾಜಿನ ಆಚೆ ನಿಂತು ತುಟಿಯ ಬಣ್ಣ ನೋಡುತ್ತಿದ್ದೆವು. ಮೆಲ್ಲಗೆ, ಬಹಳ ಮೆಲ್ಲಗೆ, ನೀಲಿ ಇಳಿಯಿತು. ಕೂಸು ಮನೆಗೆ ಬಂತು. ಗುಳಿಗೆಯನ್ನು ಮಾತ್ರ ಇನ್ನೂ ಕೆಲವು ತಿಂಗಳು ನಿಲ್ಲಿಸಬಾರದು ಎಂದಿದ್ದರು.

ಆಗ ನಮ್ಮಮ್ಮ ಎಲ್ಲರನ್ನೂ ದೇವರ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು. “ಹೆಣ್ಣುಮಗು. ಎದೆಯ ಸೀಕು ಅಂತ ಹೊರಗೆ ಒಂದು ಮಾತು ಹೋದ್ರೆ ನಾಳೆ ಯಾರು ಕಟ್ಟಿಕೊಳ್ತಾರೆ? ಯಾರತ್ರವೂ ಬಾಯಿ ಬಿಡ್ಬಾರ್ದು, ಆಯ್ತಾ?” ಮುಂಬಯಿ ಎಷ್ಟು ದೊಡ್ಡದಾದರೇನು, ನಮ್ಮವರ ಮುಂಬಯಿ ಒಂದು ಅಂಗೈಯಷ್ಟೇ. ಕುರ್ಲಾದಲ್ಲಿ ಸೀನಿದರೆ ಘಾಟ್ಕೋಪರಿನಲ್ಲಿ ಕಷಾಯ ಕುದಿಯುತ್ತದೆ. ಅಮ್ಮನ ಭಯ ಸುಳ್ಳೆಂದು ಆಗ ನಮಗ್ಯಾರಿಗೂ ಅನಿಸಲಿಲ್ಲ.

ಮೊದಲ ಸಲ ಗುಳಿಗೆ ತರಲು ಹೊರಟವನು ನಾನೇ. ಅಂಗಡಿಯ ಎದುರು ಹೋದೆ, ಬಂದೆ, ಮತ್ತೆ ಹೋದೆ. ಕೊನೆಗೆ ಧೈರ್ಯ ಮಾಡಿ ಒಳಹೊಕ್ಕು ಕೆಮ್ಮಿನ ಚಪ್ಪರಿಸುವ ಗುಳಿಗೆ ತೆಗೆದುಕೊಂಡು ಮನೆಗೆ ಬಂದೆ. ಹೆಂಡತಿ ಹಣೆ ಚಚ್ಚಿಕೊಂಡಳು. ಅಣ್ಣ ನಕ್ಕುಬಿಟ್ಟ. “ಬಿಡು, ನಾನು ತರ್ತೇನೆ. ನೀನು ಮಗುವನ್ನು ನೋಡ್ಕೋ.” ಡಾಕ್ಟರಮ್ಮನ ಚೀಟಿ ತೋರಿಸಿದರೆ ಮಗುವಿನ ಹೆಸರು ಅಂಗಡಿಯವನ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಅವನು ಚೀಟಿಯನ್ನು ಕಿಸೆಯಲ್ಲೇ ಇಟ್ಟುಕೊಂಡು, ಗುಳಿಗೆಯ ಹೆಸರನ್ನು ಬಾಯಲ್ಲೇ ಹೇಳಿ ತರುತ್ತಿದ್ದ. ಪರಿಚಯದ ಮುಖ; ಅಂಗಡಿಯ ಜಯಂತಿಭಾಯಿ ಒಂದು ದಿನವೂ ಚೀಟಿ ಕೇಳಲಿಲ್ಲ, ಕಣ್ಣು ಮಾತ್ರ ಮಿಟುಕಿಸುತ್ತಿದ್ದರಂತೆ.

ಅದೇ ದಿನಗಳಲ್ಲಿ ಅಣ್ಣನಿಗೊಂದು ಸಂಬಂಧ ಕೂಡಿಬಂದಿತ್ತು. ನಲವತ್ತು ದಾಟಿದವನಿಗೆ ಎಂಥ ಸಂಬಂಧ ಅನ್ನಬೇಡಿ. ಕನ್ನಡ ಶಾಲೆಯ ಸುಮತಿ ಟೀಚರು ಶನಿವಾರ ಶಾಲೆ ಬಿಟ್ಟ ಮೇಲೆ ಹೋಟೆಲಿಗೆ ಬಂದು ಗೋಳಿಬಜೆ ತಿನ್ನುತ್ತಿದ್ದರು. ಅವರ ಟೇಬಲ್ಲಿಗೆ ಚಟ್ನಿ ಕೇಳದೆಯೇ ಎರಡನೇ ಸಲ ಬರುತ್ತಿತ್ತು. ಅಣ್ಣ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ್ದು ನಮಗೆಲ್ಲ ಗೊತ್ತಿತ್ತು. ಟೀಚರ ಅಣ್ಣನೇ ಬಂದು ಪ್ರಸ್ತಾಪ ಮಾಡಿದಾಗ ಅಮ್ಮ ಸಂತೋಷದಿಂದ ಅತ್ತಿದ್ದರು.

ಒಂದು ದಿನ ಅಣ್ಣ ಊಟಕ್ಕೆ ಕೂತವನು, “ಆ ಸಂಬಂಧ ಬೇಡ ಅಂತ ಹೇಳಿಬಿಟ್ಟೆ,” ಎಂದ. ಯಾಕೆ ಎಂದರೆ, “ಈ ಪ್ರಾಯದಲ್ಲಿ ಎಂತ ಮದುವೆ?” ನಾನು ರೇಗಿದೆ. ಒಬ್ಬ ಹೆಂಗಸಿಗೆ ಆಸೆ ತೋರಿಸಿ ಹೀಗೆ ಮಾಡುವುದಾ ಎಂದು ದೊಡ್ಡ ನ್ಯಾಯಾಧೀಶನಂತೆ ಭಾಷಣ ಬಿಗಿದೆ. ಅವನು ಮಜ್ಜಿಗೆ ಕುಡಿದು ಕೈ ತೊಳೆದ. ಟೀಚರು ಮುಂದೆ ಮದುವೆಯಾಗಿ ಠಾಣೆಯ ಕಡೆ ಹೋದರು.

ನಿಜ ತಿಳಿದದ್ದು ಶ್ರಾವ್ಯ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ. ಜಯಂತಿಭಾಯಿಗೆ ವಯಸ್ಸಾಗಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಡುವ ಹೊತ್ತಿಗೆ ಹಳೆಯ ಗಿರಾಕಿಗಳ ಜೊತೆ ಹರಟುತ್ತ ನನಗೂ ಹೇಳಿದರು. ಗಂಡಿನ ಬಗ್ಗೆ ಅಕ್ಕಪಕ್ಕದ ಅಂಗಡಿಗಳಲ್ಲಿ ವಿಚಾರಿಸುವುದು ನಮ್ಮಲ್ಲಿ ಉಂಟಲ್ಲ? ಟೀಚರ ಅಣ್ಣ ಇವರ ಬಳಿಯೂ ಬಂದಿದ್ದರಂತೆ. “ಮೈನೆ ಬೋಲಾ, ಆದ್ಮಿ ಸೋನಾ ಹೈ. ಬಸ್, ವೋ ಗೋಲಿ ಲೇತಾ ಹೈ,” ಎಂದರು ಜಯಂತಿಭಾಯಿ; ಮನುಷ್ಯ ಬಂಗಾರ, ಆದರೆ ಆ ಗುಳಿಗೆ ತಗೊಳ್ತಾನೆ ಎಂದು ಹೇಳಿದ್ದರಂತೆ. ಮದುವೆಯಾಗದವನಿಗೆ ಆ ಗುಳಿಗೆ ಯಾಕೆ? ಟೀಚರ ಅಣ್ಣ ನೇರ ಗಲ್ಲಾದ ಮುಂದೆ ನಿಂತು ನಮ್ಮ ಅಣ್ಣನನ್ನೇ ಕೇಳಿದರಂತೆ. ಅಣ್ಣ, “ಹೌದು, ತಗೊಳ್ತೇನೆ,” ಎಂದಷ್ಟೇ ಹೇಳಿದನಂತೆ. ಸಂಬಂಧ ಮುರಿದದ್ದು ಅಲ್ಲಿಗೆ. ಚೀಟಿ ಕಿಸೆಯಲ್ಲೇ ಇದ್ದಿರಬೇಕು.

ನಾನು ಓಡಿಹೋಗಿ ಅಣ್ಣನನ್ನು ಹಿಡಿದು ಕೇಳಿದೆ. ಅವನು ಚಿಲ್ಲರೆ ಎಣಿಸುವುದನ್ನೂ ನಿಲ್ಲಿಸಲಿಲ್ಲ. “ಅಮ್ಮನಿಗೆ ಮಾತು ಕೊಟ್ಟಾಗಿತ್ತಲ್ಲ. ನನ್ನ ಹೆಸರು ಕೆಟ್ರೆ ನಾನೊಬ್ಬ. ಹುಡುಗಿಯದ್ದು ಹಾಗಾ?” ನನಗೆ ಅಲ್ಲೇ, ಗಿರಾಕಿಗಳ ನಡುವೆಯೇ, ಅಳು ಬಂತು.

ಈಗ ಶ್ರಾವ್ಯ ಪವಾಯಿಯಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಭಾನುವಾರ ಅವಳು ಒಪ್ಪಿದ ಹುಡುಗ ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದ. ಅವರೂ ನಮ್ಮ ಕಡೆಯವರೇ. ಅಣ್ಣ ಹೋಟೆಲಿನಿಂದ ಬಿಸಿ ಗೋಳಿಬಜೆ ತಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಚಾ ಬರುವುದರೊಳಗೆ ನನ್ನ ಮಗಳು, “ಆಂಟಿ, ಒಂದು ಹೇಳ್ಬೇಕು. ನಾನು ಹುಟ್ಟಿದಾಗ ಫುಲ್ ನೀಲಿ ಇದ್ದೆ. ಐಸಿಯು ಮೇ ಥೀ. ಮತ್ತೆ ನನಗೆ ಯಾವ ಗೋಲಿ ಕೊಟ್ಟದ್ದು ಗೊತ್ತುಂಟಾ?” ಎಂದು ಆ ಹೆಸರನ್ನು ಹೇಳಿಯೇಬಿಟ್ಟಳು. ನನ್ನ ಹೆಂಡತಿ ಅವಳಿಗೆ ಯಾವತ್ತೋ ಹೇಳಿದ್ದಳಂತೆ. ನಾನು ಅಣ್ಣನ ಮುಖ ನೋಡಿದೆ. ಹುಡುಗನ ತಾಯಿ ಸೆರಗು ಬಾಯಿಗೊತ್ತಿ ನಕ್ಕರು. “ಇವನೂ ಎಂಟನೇ ತಿಂಗಳಿನವನೇ ಮಗಾ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ರು. ಈಗ ನೋಡು, ಬಾಗಿಲಲ್ಲಿ ಹಿಡಿಸುದಿಲ್ಲ.” ಅಷ್ಟು ಹೇಳಿ ಇನ್ನೊಂದು ಗೋಳಿಬಜೆ ಎತ್ತಿಕೊಂಡರು.

ಇವತ್ತು ಬಿಪಿ ಗುಳಿಗೆ ಹಿಡಿದು ಹೋಟೆಲಿನ ಮೇಲಿನ ಅಣ್ಣನ ಕೋಣೆಗೆ ಹೋದೆ. ಮಂಚದ ಮೇಲೆ ಕೂತಿದ್ದ. ಗುಳಿಗೆ ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟ.

“ಹುಡುಗನ ಮನೆಯವರು ಆಮೇಲೆ ಫೋನು ಮಾಡಿ ಆ ಸೀಕಿನ ಬಗ್ಗೆ ಎಂತಾದ್ರೂ ಹೇಳಿದ್ರಾ?”

“ಇಲ್ಲ ಅಣ್ಣ. ಮುಹೂರ್ತ ನೋಡಿ ಅಂದ್ರು.”

“ಇಷ್ಟೇಯಾ?” ಎಂದ.

ಕೋಪದಲ್ಲಿ ಕೇಳಿದ್ದಲ್ಲ. ಶ್ರಾವ್ಯಳಿಗೆ ಟೀಚರ ಸಂಗತಿ ಎಲ್ಲ ಹೇಳಲೇಬೇಕು, ಅವಳು ಬಂದು ನಿನ್ನ ಕಾಲು ಹಿಡಿಯಲಿ ಎಂದು ನಾನು ತೊದಲಿದೆ.

“ಬೇಡ. ಮದುವೆಯ ಹುಡುಗಿ, ಸುಮ್ಮನೆ ಅಳ್ತಾಳೆ. ಅವಳಿಗೆ ಹೇಳ್ಬೇಡ, ಆಯ್ತಾ?”

ಆಯ್ತು ಎಂದು ಮಾತು ಕೊಟ್ಟು ಬಂದೆ. ಕೊಟ್ಟ ಮಾತು ತಪ್ಪಿಲ್ಲ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡಿರಲೂ ಆಗಲಿಲ್ಲ, ಅದಕ್ಕೇ ನಿಮಗೆ ಹೇಳಿದೆ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ.